ಸಸ್ಯಗಳ ಫ್ಲಾವನಾಯ್ಡುಗಳು ಮತ್ತು ಕಣ್ಣಿನ ಆರೋಗ್ಯ

ಉಳ್ಳಾಗಡ್ಡಿ ಸುಲಿಯುವಾಗ ಎಸೆಯುವ ಒಣಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಎಂಬ ದ್ರವ್ಯವು ಒಳಪದರಗಳಿಗಿಂತ ಹೆಚ್ಚಾಗಿರುತ್ತದೆ. ಇದು ಫ್ಲಾವನಾಯ್ಡ್ ಎಂಬ ದೊಡ್ಡ ಮನೆತನಕ್ಕೆ ಸೇರಿದುದು. ಹಳದಿ ಎಂಬರ್ಥದ ‘ಫ್ಲಾವುಸ್’ ಎಂಬ ಲ್ಯಾಟಿನ್ ಶಬ್ದ ಈ ಹೆಸರಿನ ಮೂಲ. ಆದರೆ ಮನೆತನದವರೆಲ್ಲ ಹಳದಿಯಲ್ಲ. ಸೊಲ್ಲಾಪುರದ ದಾಳಿಂಬೆಯ ಕೆಂಪು, ನೇರಳೆಹಣ್ಣಿನ ಕಡುಬಣ್ಣ ಇದರದೇ ಶಾಖೆಯಾದ ಆಂಥೋಸಯನಿನ್‌ಗಳಿಂದ ಬಂದವು. ಗಜ್ಜರಿಯ ಬಣ್ಣ ಮಾತ್ರ ಬೇರೊಂದು ಮನೆತನದ್ದು. ಅದು ಕ್ಯಾರೊಟಿನಾಯ್ಡ್. ದೇಹವು ‘ಎ’ ಜೀವಸತ್ವವನ್ನು ತಯಾರಿಸಿಕೊಳ್ಳುವುದು ಅದರಿಂದಲೇ ಹೊರತು ಫ್ಲಾವನಾಯ್ಡಿನಿಂದಲ್ಲ. ಆರೋಗ್ಯದ ಅಂಕಣಗಳಲ್ಲಿ ಇವೆರಡೂ ಒಂದೇ ಎಂಬಂತೆ ಕಾಣಿಸಿಕೊಳ್ಳುವುದರಿಂದ ಈ ಭೇದವನ್ನು ಒತ್ತಿ ಹೇಳಬೇಕಾಗಿದೆ.

1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಮತ್ತು ಸಂಗಡಿಗರು ಈ ದ್ರವ್ಯಗಳಿಗೆ ‘ಪಿ’ ಜೀವಸತ್ವವೆಂದು ಹೆಸರಿಟ್ಟರು. ಇವಿಲ್ಲದೆ ದೇಹ ನಡೆಯದು ಎಂಬುದು ಸಿದ್ಧವಾಗದೆ ಆ ಹೆಸರು ಮುಂದೆ ಬಿದ್ದುಹೋಯಿತು.

ಕಣ್ಣಿನೊಡನೆ ಇವುಗಳ ಸಂಬಂಧವೇನು? ಕಣ್ಣಿನ ಹಿಂಭಾಗದ ಅಕ್ಷಿಪಟಲವು ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕವನ್ನು ಬಳಸುವ ಅಂಗಾಂಶಗಳಲ್ಲೊಂದು. ದಿನವಿಡೀ ಬೆಳಕಿಗೆ ಮೈಯೊಡ್ಡಿರುವುದೂ ಅದೇ. ಅಲ್ಲಿಯ ಜೀವಕೋಶಗಳ ಪೊರೆಯಲ್ಲಿ ಬೇಗ ಉತ್ಕರ್ಷಣಗೊಳ್ಳುವ ಕೊಬ್ಬಿನಾಮ್ಲಗಳು ಹೇರಳವಾಗಿವೆ. ಪ್ರಯೋಗಶಾಲೆಯಲ್ಲಿ ಫ್ಲಾವನಾಯ್ಡುಗಳು ಈ ಉತ್ಕರ್ಷಣವನ್ನೂ ಉರಿಯೂತವನ್ನೂ ತಗ್ಗಿಸುತ್ತವೆ. ಆದರೆ ಗಾಜಿನ ತಟ್ಟೆ ಬೇರೆ, ಊಟದ ತಟ್ಟೆ ಬೇರೆ. ತಿಂದುದರಲ್ಲಿ ಅಲ್ಪಭಾಗವಷ್ಟೇ ರಕ್ತ ಸೇರುತ್ತದೆ. ಅದೂ ಕರುಳು, ಯಕೃತ್ತುಗಳಲ್ಲಿ ರೂಪ ಬದಲಿಸಿಕೊಂಡು.

ಮನುಷ್ಯರಲ್ಲಿ ನಡೆದ ಅಧ್ಯಯನಗಳ ಪೈಕಿ ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ನೇತ್ರ ಅಧ್ಯಯನ ಗಮನಾರ್ಹ. 49 ವರ್ಷ ದಾಟಿದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು 15 ವರ್ಷ ಗಮನಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ನಿತ್ಯ ಕಿತ್ತಳೆ ತಿನ್ನುವವರಲ್ಲಿ, ಎಂದೂ ತಿನ್ನದವರಿಗಿಂತ, ಅಕ್ಷಿಪಟಲದ ನಡುಭಾಗ ಸವೆಯುವ ಮುಪ್ಪಿನ ಕಾಯಿಲೆಯ ಕೊನೆಯ ಹಂತದ ಸಾಧ್ಯತೆ ಶೇಕಡ 60ರಷ್ಟು ಕಡಿಮೆಯಿತ್ತು. ಕಿತ್ತಳೆಯ ಫ್ಲಾವನಾಯ್ಡುಗಳೇ ಇದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ನಿತ್ಯ ಹಣ್ಣು ತಿನ್ನುವವರ ಬದುಕಿನ ಕ್ರಮವೇ ಬೇರೆ ಇದ್ದೀತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಚಾಲಕರು ಬಿಲ್‌ಬೆರಿ ಹಣ್ಣಿನ ಜಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ಕಂಡರೆಂಬ ಕಥೆ ಇಂದಿಗೂ ಗುಳಿಗೆ ಮಾರುವವರ ಬಾಯಲ್ಲಿದೆ. ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಆ ಗುಣ ಕಂಡುಬರಲಿಲ್ಲ.

ಇಂಥ ಗುಳಿಗೆಗಳನ್ನು ನಂಬಿ ಗ್ಲಾಕೋಮಾದ ಹನಿಯನ್ನು ನಿಲ್ಲಿಸುವುದು ಅಪಾಯಕರ. ಆ ಕಾಯಿಲೆ ಬಹುತೇಕ ನೋವಿಲ್ಲದೆ, ನೋಟದ ಅಂಚಿನಿಂದ ಒಳಸರಿಯುತ್ತದೆ. ಒಮ್ಮೆ ಸತ್ತ ನರತಂತುಗಳನ್ನು ಉಳ್ಳಾಗಡ್ಡಿಯಾಗಲಿ ಕಿತ್ತಳೆಯಾಗಲಿ ಮರಳಿ ತರಲಾರವು. ಹನಿಯೂ ತರಲಾರದು, ಅದು ಉಳಿದುದನ್ನು ಕಾಯುತ್ತದೆ.