ಆಂದ್ರೆ ಕೆರ್ಟೆಸ್: ಬುಡಾಪೆಸ್ಟ್‌ನಿಂದ ನ್ಯೂಯಾರ್ಕ್‌ವರೆಗೆ
1894ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1925ರಲ್ಲಿ ಪ್ಯಾರಿಸ್‌ಗೆ ವಲಸೆ ಹೋದ ಆಂದ್ರೆ ಕೆರ್ಟೆಸ್, ಪುಟ್ಟ ಲೈಕಾ ಕ್ಯಾಮೆರಾ ಹಿಡಿದು ‘ವ್ಯೂ’ ಎಂಬ ಸಚಿತ್ರ ವಾರಪತ್ರಿಕೆಗೆ ಚಿತ್ರ ತೆಗೆಯುತ್ತಾ, ಛಾಯಾಚಿತ್ರ ಪತ್ರಿಕೋದ್ಯಮಕ್ಕೆ, ಅಂದರೆ ಸುದ್ದಿಯನ್ನು ಚಿತ್ರಗಳ ಮೂಲಕವೇ ನಿರೂಪಿಸುವ ವೃತ್ತಿಗೆ, ರೂಪ ಕೊಟ್ಟವರಲ್ಲಿ ಒಬ್ಬರು. ಅವರಂತೆಯೇ ವಲಸೆ ಬಂದಿದ್ದ ಬ್ರಸಾಯ್ ಕ್ಯಾಮೆರಾದತ್ತ ಹೊರಳಲು ಈ ಹಿರಿಯರ ಒಡನಾಟವೇ ಪ್ರೇರಣೆಯಾಯಿತು. ರಾತ್ರಿಯ ಪ್ಯಾರಿಸ್‌ನ ಚಿತ್ರಗಳಿಂದ ಹೆಚ್ಚು ಹೆಸರಾದವರು ಬ್ರಸಾಯ್ ಎಂಬುದು ಬೇರೆ ಮಾತು. 1936ರಲ್ಲಿ ಸೇರಿದ ನ್ಯೂಯಾರ್ಕ್‌ನಲ್ಲಿ ಕೆರ್ಟೆಸ್ ಅವರಿಗೆ ತಕ್ಕ ಮನ್ನಣೆ ಬಹುಕಾಲ ದೊರೆಯಲಿಲ್ಲ. 1977ರಲ್ಲಿ ಪತ್ನಿ ಎಲಿಜಬೆತ್ ತೀರಿಕೊಂಡ ಬಳಿಕ ಅವರು, ತೆಗೆದ ಕೆಲವೇ ನಿಮಿಷಗಳಲ್ಲಿ ಚಿತ್ರದ ಪ್ರತಿಯನ್ನು ಕೈಗೆ ಕೊಡುವ ಪೊಲರಾಯ್ಡ್ ಕ್ಯಾಮೆರಾ ಹಿಡಿದು, ಆಕೆಯನ್ನು ನೆನಪಿಸುತ್ತಿದ್ದ ಪುಟ್ಟ ಗಾಜಿನ ಪ್ರತಿಮೆಯನ್ನು ಮನೆಯ ಕಿಟಕಿಯ ಬಳಿ ಇರಿಸಿ, ಅದರೊಳಗೆ ಬೆಳಕು ಬಾಗುವ ಬಗೆಯನ್ನು ದಾಖಲಿಸತೊಡಗಿದರು. ಆ ಚಿತ್ರಗಳು 1981ರಲ್ಲಿ ಪುಸ್ತಕವಾಗಿ ಬಂದವು.