ಒಂದೇ ಬಯಲು, ಮೂರು ಹುಲ್ಲೆಗಳು

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ ಐಮಂಗಲವನ್ನು ಸಮೀಪಿಸಿದಂತೆ ಎರಡು ಪಕ್ಕದಲ್ಲಿಯೂ ಬಯಲುಸೀಮೆಯ ನಿಜವಾದ ರೂಪ ಕಾಣುತ್ತದೆ. ಹೊಲಗಳು, ನಡುನಡುವೆ ಕಲ್ಲುಗುಡ್ಡಗಳು, ಜಾಲಿ ಕಾರೆ ತಂಗಡಿಗಳ ಕುರುಚಲು. ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಇಂಥ ನೆಲದಲ್ಲಿ ಮಂದೆ ಕಾಯುವವರು ಕುರಿಗಳೊಂದಿಗೆ ಒಂದಷ್ಟು ಮೇಕೆಗಳನ್ನೂ ಹೊಡೆದುಕೊಂಡು ಹೋಗುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಕುರಿ ತಲೆ ತಗ್ಗಿಸಿ ಹುಲ್ಲನ್ನು ಮೇಯುತ್ತದೆ. ಮೇಕೆ ಮುಂಗಾಲುಗಳನ್ನೆತ್ತಿ ಜಾಲಿಯ ಕೊಂಬೆಗೆ ಬಾಯಿ ಹಾಕುತ್ತದೆ. ಎರಡರ ದಾರಿಯೂ ಒಂದೇ, ಊಟದ ಎಲೆ ಮಾತ್ರ ಬೇರೆ ಬೇರೆ.

ಮಂದೆ ಕಾಯುವವನಿಗೆ ಅನುಭವದಿಂದ ತಿಳಿದಿರುವ ಈ ಸಂಗತಿಯೇ ಜೀವವಿಜ್ಞಾನದ ಒಂದು ದೊಡ್ಡ ಪ್ರಶ್ನೆಗೆ ಬಾಗಿಲು. ಒಂದೇ ಬಗೆಯ ಬಾಳು ಬಾಳುವಂತೆ ತೋರುವ ಎರಡು ಮೂರು ಕಾಡುಪ್ರಾಣಿಗಳು ಒಂದೇ ನೆಲವನ್ನು ಹಂಚಿಕೊಂಡು ಹೇಗೆ ಉಳಿಯುತ್ತವೆ? ಬಲಿಷ್ಠವಾದುದು ಉಳಿದವನ್ನು ಹೊರಗೆ ಅಟ್ಟುವುದಿಲ್ಲವೇಕೆ?

ಇದಕ್ಕೆ ಉದಾಹರಣೆ ದೂರದಲ್ಲಿಲ್ಲ. ಹಿರಿಯೂರನ್ನು ದಾಟಿ ದಕ್ಷಿಣಕ್ಕೆ ಹೋದರೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಸಿಗುತ್ತದೆ. ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳ ನೆರವಿನಿಂದ ಅಲ್ಲಿ ಚಿಂಕಾರಗಳಿರುವುದು ಖಚಿತವಾಯಿತು. 2019ರಲ್ಲಿ ಸುಮಾರು 136 ಚದರ ಕಿಲೋಮೀಟರು ಪ್ರದೇಶವನ್ನು ಚಿಂಕಾರ ವನ್ಯಜೀವಿಧಾಮವೆಂದು ಸಾರಲಾಯಿತು. ಅಲ್ಲಿ ಚಿಂಕಾರದೊಡನೆ ಕೃಷ್ಣಮೃಗವೂ ಕೊಂಡುಕುರಿಯೂ ವಾಸಿಸುತ್ತವೆ.

ಆಡುಮಾತಿನಲ್ಲಿ ನಾವು ಇವೆಲ್ಲವನ್ನೂ ಜಿಂಕೆಗಳೆನ್ನುತ್ತೇವೆ. ಶಾಸ್ತ್ರದ ಪ್ರಕಾರ ಇವು ಹುಲ್ಲೆಗಳು. ಚುಕ್ಕೆಜಿಂಕೆ, ಕಡವೆ ಮುಂತಾದ ನಿಜವಾದ ಜಿಂಕೆಗಳ ಕವಲೊಡೆದ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಹುಲ್ಲೆಯದು ಆಕಳಿನ ಕೊಂಬಿನಂತೆ. ಒಳಗೆ ಮೂಳೆ, ಹೊರಗೆ ಒರೆ, ಬಾಳಿನುದ್ದಕ್ಕೂ ಒಂದೇ.

ಕೃಷ್ಣಮೃಗದ ಬೆಳೆದ ಗಂಡು ಸುಮಾರು 40 ಕಿಲೋಗ್ರಾಂ ತೂಗುತ್ತದೆ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಪಿನಂತೆ ಸುತ್ತಿಕೊಂಡಿದೆ. ಚಿಂಕಾರದ ತೂಕ 20 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಮಣ್ಣಿನ ಬಣ್ಣದ ಮೈ. ಹೆಣ್ಣಿಗೂ ತೆಳುವಾದ ಕೊಂಬುಗಳುಂಟು. ಕೊಂಡುಕುರಿಯೂ ಸುಮಾರು ಅಷ್ಟೇ ತೂಕದ್ದು. ಅದರ ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು: ಹಿಂದೆ ಎರಡು ನೀಳವಾದವು, ಹಣೆಯ ಮೇಲೆ ಎರಡು ಮೊಟಕು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬುಳ್ಳದ್ದು ಇದೊಂದೇ.

ಗಾಜಿನ ನಳಿಗೆಯಲ್ಲಿ ಒಂದು ಪ್ರಯೋಗ

ಸಹವಾಸದ ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದವರಲ್ಲಿ ರಷ್ಯದ ಗಾಜ್ ಎಂಬ ವಿಜ್ಞಾನಿ ಪ್ರಮುಖನು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳ ಎರಡು ಜಾತಿಗಳನ್ನು ಆತನು ಒಂದೇ ನಳಿಗೆಯಲ್ಲಿ ಸಾಕಿದನು. ಆಹಾರ ಎರಡಕ್ಕೂ ಒಂದೇ. ಕೆಲವು ದಿನಗಳಲ್ಲಿ ಒಂದು ಜಾತಿ ಉಳಿದು ಇನ್ನೊಂದು ಅಳಿಯಿತು. ಆದರೆ ಅಳಿದ ಜಾತಿಯನ್ನೇ ಮೂರನೆಯ ಜಾತಿಯೊಂದಿಗೆ ಸಾಕಿದಾಗ ಎರಡೂ ಉಳಿದವು. ಕಾರಣ, ಒಂದು ನಳಿಗೆಯ ಮೇಲ್ಭಾಗದ ನೀರಿನಲ್ಲಿ ಉಣ್ಣುತ್ತಿತ್ತು, ಇನ್ನೊಂದು ತಳದಲ್ಲಿ. 1934ರಲ್ಲಿ ಪ್ರಕಟವಾದ ಆತನ ಗ್ರಂಥದಿಂದ ಹೊರಟ ತತ್ತ್ವ ಇದು: ಎರಡು ಜಾತಿಗಳು ಎಲ್ಲ ವಿಷಯಗಳಲ್ಲಿಯೂ ಒಂದೇ ರೀತಿ ಬದುಕಿ ಒಂದೇ ಕಡೆ ಬಹುಕಾಲ ನಿಲ್ಲಲಾರವು, ನಿಂತಿವೆಯೆಂದರೆ ಎಲ್ಲಿಯೋ ಒಂದು ಪಾಲು ಆಗಿರಲೇಬೇಕು.

ಹಾಗಾದರೆ ನಮ್ಮ ಹುಲ್ಲೆಗಳ ನಡುವೆ ಆ ಪಾಲು ಯಾವುದು?

ತೂಕದ ಲೆಕ್ಕ

ಮೊದಲ ಪಾಲು ಆಹಾರದ್ದು. ಇಲಿಯಿಂದ ಎತ್ತಿನವರೆಗೆ ಹಲವು ಪ್ರಾಣಿಗಳ ಶಕ್ತಿವ್ಯಯವನ್ನು ಹೋಲಿಸಿ 1932ರಲ್ಲಿ ಕ್ಲೈಬರ್ ಎಂಬಾತನು ಒಂದು ನಿಯಮವನ್ನು ಕಂಡನು. ತೂಕ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಇಮ್ಮಡಿಯಾಗುವುದಿಲ್ಲ, ಸುಮಾರು 1.7 ಪಟ್ಟು ಮಾತ್ರ ಆಗುತ್ತದೆ. ಆದರೆ ಮೇವನ್ನು ಹುಳಿಸಿ ಅರಗಿಸುವ ಹೊಟ್ಟೆಯ ಗಾತ್ರ ಹೆಚ್ಚುಕಡಿಮೆ ತೂಕದಷ್ಟೇ ಏರುತ್ತದೆ. ಆದುದರಿಂದ ದೊಡ್ಡ ಪ್ರಾಣಿಗೆ ಹೊಟ್ಟೆಯಲ್ಲಿ ಸ್ಥಳವೂ ಸಾವಕಾಶವೂ ಹೆಚ್ಚು. ಸತ್ತ್ವ ಕಡಮೆಯಾದ ಹುಲ್ಲಿನಿಂದಲೂ ಅದು ಬಾಳಬಲ್ಲದು. ಚಿಕ್ಕ ಪ್ರಾಣಿಗೆ ಸತ್ತ್ವವುಳ್ಳ ಚಿಗುರು, ಹೂವು, ಕಾಯಿಗಳೇ ಬೇಕು.

ಹುಲ್ಲು ಬಯಲಿನ ತುಂಬ ಹರಡಿರುತ್ತದೆ. ನೂರು ಬಾಯಿಗಳು ಒಟ್ಟಿಗೆ ಮೇಯಬಹುದು. ಬೋರೆಯ ಹಣ್ಣು ಹಾಗಲ್ಲ. ಮೊದಲು ಬಂದದ್ದು ತಿಂದು ಹೋದರೆ ಹಿಂದೆ ಬಂದದ್ದಕ್ಕೆ ಉಪವಾಸ. ಹೀಗಾಗಿ ಹುಲ್ಲು ಮೇಯುವ ಕೃಷ್ಣಮೃಗ ಹಿಂಡು ಕಟ್ಟುತ್ತದೆ. ಆರಿಸಿ ತಿನ್ನುವ ಕೊಂಡುಕುರಿ ಒಂಟಿಯಾಗಿ ಅಥವಾ ಜೋಡಿಯಾಗಿ ತಿರುಗುತ್ತದೆ. ಚಿಂಕಾರ ಮೂರು ನಾಲ್ಕರ ಸಣ್ಣ ಗುಂಪಿನಲ್ಲಿರುತ್ತದೆ. ಮೈಗಾತ್ರ, ಮೇವು, ಸಮಾಜ ಇವು ಮೂರೂ ಒಂದೇ ಸರಪಳಿಯ ಕೊಂಡಿಗಳೆಂಬುದನ್ನು ಆಫ್ರಿಕದ ಹುಲ್ಲೆಗಳ ವಿಷಯದಲ್ಲಿ ಜಾರ್ಮನ್ ಎಂಬ ವಿಜ್ಞಾನಿ 1974ರಲ್ಲಿ ವಿಶದವಾಗಿ ತೋರಿಸಿದನು.

ನೀರಿನ ಲೆಕ್ಕ

ಆದರೆ ಚಿಂಕಾರ, ಕೊಂಡುಕುರಿಗಳ ತೂಕ ಸರಿಸುಮಾರು ಒಂದೇ ಆಗಿರುವಾಗ ತೂಕದ ಲೆಕ್ಕವೊಂದೇ ಸಾಲದು. ಅವೆರಡನ್ನು ಬೇರ್ಪಡಿಸುವುದು ನೀರು. ಕೊಂಡುಕುರಿಗೆ ತಪ್ಪದೆ ನೀರು ಬೇಕು. ಆದುದರಿಂದ ಅದು ಹಳ್ಳಕೊಳ್ಳಗಳ ಹತ್ತಿರ, ಕಮರ ದಿಂಡಿಗಗಳ ನೆರಳಿರುವ ಗುಡ್ಡದ ಕಾಡನ್ನು ಬಿಟ್ಟು ದೂರ ಹೋಗದು. ಚಿಂಕಾರವಾದರೋ ಸೊಪ್ಪಿನಲ್ಲಿರುವ ತೇವದಿಂದಲೇ ಬಹು ದಿನ ಕಳೆಯಬಲ್ಲದು.

ಒಣನೆಲದ ಪ್ರಾಣಿಗಳು ನೀರನ್ನು ಉಳಿಸುವ ಒಂದು ಉಪಾಯವನ್ನು ಚಿಂಕಾರದ ಆಫ್ರಿಕದ ಬಂಧುಗಳಾದ ಗೆಜೆಲ್‌ಗಳಲ್ಲಿ ಅಳೆದು ನೋಡಿದ್ದಾರೆ. ನಾವು ಬೆವರಿ ಮೈಯನ್ನು ತಂಪಾಗಿಟ್ಟುಕೊಳ್ಳುತ್ತೇವೆ. ಅವು ಕಡು ಬಿಸಿಲಿನಲ್ಲಿ ಮೈಯ ಉಷ್ಣತೆ ಏರುವುದಕ್ಕೆ ಬಿಟ್ಟುಬಿಡುತ್ತವೆ. ಇದರ ಲಾಭವನ್ನು ವಿದ್ಯಾರ್ಥಿಗಳು ತಾವೇ ಗುಣಿಸಬಹುದು. ಪ್ರಾಣಿಯ ತೂಕ 20 ಕಿಲೋಗ್ರಾಂ, ಮೈಯ ವಿಶಿಷ್ಟೋಷ್ಣ 0.83, ಉಷ್ಣತೆಯ ಏರಿಕೆ 4 ಡಿಗ್ರಿ ಸೆಂಟಿಗ್ರೇಡ್ ಎಂದಿಟ್ಟುಕೊಳ್ಳಿ. ಮೈಯಲ್ಲಿ ಸಂಗ್ರಹವಾಗುವ ಶಾಖ ಸುಮಾರು 66,000 ಕ್ಯಾಲೊರಿ. ಒಂದು ಗ್ರಾಂ ನೀರು ಆವಿಯಾಗುವುದಕ್ಕೆ ಸುಮಾರು 580 ಕ್ಯಾಲೊರಿ ಬೇಕು. ಎಂದರೆ ಆ ಶಾಖವನ್ನು ಬೆವರಿನಿಂದ ಕಳೆಯಬೇಕಾಗಿದ್ದರೆ 114 ಗ್ರಾಂ ನೀರು ವೆಚ್ಚವಾಗುತ್ತಿತ್ತು. ಪ್ರಾಣಿಯು ಅದನ್ನು ಮೈಯಲ್ಲಿಯೇ ಇಟ್ಟುಕೊಂಡು ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತದೆ. ಪ್ರತಿದಿನವೂ ಅರ್ಧ ಲೋಟ ನೀರಿನ ಉಳಿತಾಯ!

ಓಡುವುದರಲ್ಲಿಯೂ ಪಾಲು

ಮೂರನೆಯ ಪಾಲು ಶತ್ರುವಿನಿಂದ ಪಾರಾಗುವ ರೀತಿಯದು. ಕೃಷ್ಣಮೃಗದ ಹಿಂಡು ಬಟ್ಟಬಯಲಿನಲ್ಲಿದ್ದು, ತೋಳವನ್ನು ದೂರದಿಂದಲೇ ಕಂಡು ಓಟದಿಂದ ಗೆಲ್ಲುತ್ತದೆ. ಗಂಟೆಗೆ 80 ಕಿಲೋಮೀಟರಿನ ವೇಗ ಅದಕ್ಕೆ ಸಾಧ್ಯ. ಕೊಂಡುಕುರಿ ಪೊದೆಯಲ್ಲಿ ಅಲುಗಾಡದೆ ನಿಂತು ಚಿರತೆಯ ಕಣ್ಣು ತಪ್ಪಿಸುತ್ತದೆ. ಚಿಂಕಾರ ಸೀನಿದಂಥ ಸದ್ದು ಮಾಡಿ ಕಾಲು ಬಡಿದು, ಕುರುಚಲಿನ ನಡುವೆ ದೂರ ಸರಿಯುತ್ತದೆ. ಒಂದರ ಉಪಾಯ ಇನ್ನೊಂದರ ನೆಲದಲ್ಲಿ ನಡೆಯದು. ಪೊದೆಯಲ್ಲಿ ಓಟ ವ್ಯರ್ಥ, ಬಯಲಿನಲ್ಲಿ ಅಡಗುವುದು ಅಸಾಧ್ಯ.

ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿಯೂ ಇಂಥದೇ ಸಹವಾಸ ಉಂಟು. ಬಿಳಿಬಾಲದ ಜಿಂಕೆ ಮತ್ತು ಹೇಸರಗತ್ತೆಯಂಥ ಕಿವಿಯುಳ್ಳ ಮ್ಯೂಲ್ ಜಿಂಕೆ ಅಲ್ಲಿ ಒಂದೇ ಪ್ರಾಂತದಲ್ಲಿವೆ. ಕೊಯೋಟಿ ಎಂಬ ಕಾಡುನಾಯಿ ಬಂದರೆ ಬಿಳಿಬಾಲದ್ದು ನಾಗಾಲೋಟದಿಂದ ಪಾರಾಗುತ್ತದೆ. ಮ್ಯೂಲ್ ಜಿಂಕೆಗಳು ಗುಂಪುಗೂಡಿ ಎದುರಿಸುತ್ತವೆ. ಓಡಲೇಬೇಕಾದಾಗ ನಾಲ್ಕು ಕಾಲುಗಳನ್ನೂ ಒಟ್ಟಿಗೆ ಎತ್ತಿ ಪುಟನೆಗೆಯುತ್ತವೆ. ಎರಡೂ ಕೂಡಿ ಹುಟ್ಟುವ ಮಿಶ್ರಸಂತಾನ ಅಪರೂಪ. ಅದರ ನಡಿಗೆ ಲೋಟವೂ ಅಲ್ಲ, ನೆಗೆತವೂ ಅಲ್ಲ. ಎರಡರ ನಡುವೆ ತಡವರಿಸುತ್ತದೆ. ಎರಡು ಉಪಾಯಗಳಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣವಾದುದು. ಅರ್ಧರ್ಧ ಬೆರಸಿದರೆ ಎರಡೂ ಕೆಡುತ್ತವೆ.

ಪಾಲು ಅಳಿಸಿದರೆ

ಸಹವಾಸದ ಗುಟ್ಟು ಈಗ ಸ್ಪಷ್ಟವಾಯಿತು. ಹುಲ್ಲುಬಯಲು, ಕುರುಚಲು, ಗುಡ್ಡದ ಕಾಡು ಇವು ಮೂರೂ ಇರುವವರೆಗೆ ಹುಲ್ಲೆಗಳು ಮೂರೂ ಇರುತ್ತವೆ. ಆದರೆ ನಮ್ಮ ಕಣ್ಣಿಗೆ ಕಾಡೆಂದರೆ ಎತ್ತರದ ಮರಗಳು ಮಾತ್ರ. ಹುಲ್ಲುಬಯಲನ್ನೂ ಕುರುಚಲನ್ನೂ ಪಾಳುಭೂಮಿಯೆಂದು ಬಗೆದು, ಅಲ್ಲಿ ನೀಲಗಿರಿಯ ನೆಡುತೋಪು ಬೆಳಸಿದರೆ ಹಸುರು ಹೆಚ್ಚಿತೆಂದು ಹಿಗ್ಗುತ್ತೇವೆ. ಕೃಷ್ಣಮೃಗದ ಪಾಲಿಗೆ ಆ ಹಸುರು ಮರುಭೂಮಿಗೆ ಸಮ.

ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಮೀಸಲಾಗಿದ್ದ ಅಮೃತಮಹಲ್ ಕಾವಲುಗಳು ಈ ಸೀಮೆಯ ಹುಲ್ಲುಬಯಲುಗಳಿಗೆ ಬಹುಕಾಲ ರಕ್ಷೆಯಾಗಿದ್ದವು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿಗಳ ಕಡೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವನ್ನು 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ದೇಶಕ್ಕೆ ಪ್ರಯೋಗಶಾಲೆಗಳು ಬೇಕು, ನಿಜ. ಆದರೆ ಆ ನೆಲ ಖಾಲಿಯಾಗಿರಲಿಲ್ಲವೆಂಬುದನ್ನು ಮೊದಲು ತಿಳಿಯಬೇಕಾದವರು ವಿಜ್ಞಾನಿಗಳೇ. ಬಯಲು ಕಿರಿದಾದಂತೆ ಕೃಷ್ಣಮೃಗ ಹೊಲಕ್ಕೆ ನುಗ್ಗುತ್ತದೆ. ನಷ್ಟ ರೈತನದು, ದೂರು ಪ್ರಾಣಿಯ ಮೇಲೆ.

ಒಳ್ಳೆಯ ಯತ್ನಗಳೂ ನಡೆದಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಬಯಲು 2007ರಲ್ಲಿ ಕೃಷ್ಣಮೃಗಗಳಿಗೆ ಮೀಸಲಾಯಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಯ ಹೆಸರಿನ ವನ್ಯಜೀವಿಧಾಮವಾಯಿತು. ಕಾನೂನು ಮೂರು ಪ್ರಾಣಿಗಳಿಗೂ ಅತ್ಯುಚ್ಚ ರಕ್ಷಣೆಯನ್ನೇ ಕೊಟ್ಟಿದೆ. ಆದರೆ ಪ್ರಾಣಿಯನ್ನು ಕಾಯ್ದು ಅದರ ಪಾಲಿನ ನೆಲವನ್ನು ಕಾಯದಿದ್ದರೆ ಕಾನೂನಿನಿಂದ ಫಲವೇನು? ಈ ಸೀಮೆಯ ವಿದ್ಯಾರ್ಥಿಗಳು ತಮ್ಮ ಊರಿನ ಸುತ್ತ ಎಲ್ಲೆಲ್ಲಿ ಹುಲ್ಲು, ಎಲ್ಲೆಲ್ಲಿ ಕುರುಚಲು, ಎಲ್ಲೆಲ್ಲಿ ಗುಡ್ಡದ ಕಾಡು ಉಳಿದಿದೆಯೆಂದು ಒಂದು ನಕ್ಷೆ ಬರೆದು, ವರ್ಷವರ್ಷವೂ ಅದನ್ನು ತಿದ್ದುತ್ತಾ ಬರಲಿ. ಯಾವ ಹುಲ್ಲೆಯ ಪಾಲು ಎಷ್ಟು ಕರಗಿತೆಂಬುದನ್ನು ಆ ನಕ್ಷೆಯೇ ಹೇಳುತ್ತದೆ.