ಕೆರೆಯಂಗಳದಿಂದ ಗಾಲ್ಫ್ ಮೈದಾನಕ್ಕೆ: ಚಲ್ಲಘಟ್ಟದ ಸ್ಥಳಸ್ಮೃತಿ

ಕೆರೆ, ಗೋಮಾಳ, ಗುಂಡುತೋಪು ಇವು ನಮ್ಮ ಗ್ರಾಮಗಳ ಸಾಮುದಾಯಿಕ ನೆಲೆಗಳು. ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರ ಬಳಕೆಗೂ ತೆರೆದಿದ್ದ ಈ ಜಾಗಗಳ ಸುತ್ತಲೇ ಆಚರಣೆ, ಆಟ, ನಂಬಿಕೆ ಹಾಗೂ ವೃತ್ತಿಪದಗಳು ಬೆಳೆದುಬಂದವು. ಇಂತಹ ನೆಲೆಯೊಂದು ಬೇರೊಂದು ಬಳಕೆಗೆ ಸಂದಾಗ ಅದರೊಡನೆ ಏನೇನು ಅಳಿಯುತ್ತದೆ, ಏನು ಉಳಿಯುತ್ತದೆ ಎಂಬುದನ್ನು ಪರಿಶೀಲಿಸಲು ಬೆಂಗಳೂರಿನ ಪೂರ್ವಭಾಗದ ಚಲ್ಲಘಟ್ಟ ತಕ್ಕ ನಿದರ್ಶನವಾಗಿದೆ. ಮೆಟ್ರೊ ನೇರಳೆ ಮಾರ್ಗದ ಪಶ್ಚಿಮ ತುದಿಯಲ್ಲಿರುವ, ಕೆಂಗೇರಿಯಾಚೆಯ ಚಲ್ಲಘಟ್ಟ ಬೇರೆ. ಇಲ್ಲಿ ವಿವೇಚಿಸುತ್ತಿರುವುದು ದೊಮ್ಮಲೂರಿನ ನೆರೆಯ ಗ್ರಾಮ.

ಕಣಿವೆಯ ಕೆರೆಸರಣಿ

ಹಲಸೂರು ಕೆರೆಯ ಕೋಡಿನೀರು ದೊಮ್ಮಲೂರು, ಚಲ್ಲಘಟ್ಟಗಳ ತಗ್ಗಿನಲ್ಲಿ ಹರಿದು ಬೆಳ್ಳಂದೂರು ಕೆರೆಯನ್ನು ಸೇರಿ, ಅಲ್ಲಿಂದ ವೈಟ್‌ಫೀಲ್ಡ್ ಸಮೀಪದ ವರ್ತೂರು ಕೆರೆಯ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಈ ಪ್ರದೇಶದ ಕೆರೆಗಳ ಪ್ರಾಚೀನತೆಗೆ ಶಾಸನಾಧಾರಗಳಿವೆ. ಸಮೀಪದ ಅಗರದಲ್ಲಿ ದೊರೆತ 9ನೇ ಶತಮಾನದ ಗಂಗರ ಕಾಲದ ಶಾಸನವು ಎರಡು ಕೆರೆಗಳಿಗೆ ತೂಬಿಡಿಸಿ ಮೂರನೆಯದನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ದೊಮ್ಮಲೂರು ಚೊಕ್ಕನಾಥ ದೇವಾಲಯದ ತಮಿಳು ಶಾಸನವೊಂದರಲ್ಲಿ ಕೆರೆಯ ಆದಾಯವನ್ನು ದೇವರಿಗೆ ದತ್ತಿಯಾಗಿ ಬಿಟ್ಟ ಉಲ್ಲೇಖವಿದೆ.

ಇಂತಹ ಕೆರೆಯೊಂದಕ್ಕೆ ತನ್ನದೇ ಆದ ಶಬ್ದಲೋಕವಿತ್ತು. ನೀರನ್ನು ತಡೆಯುವುದು ಏರಿ, ಬಿಡುವುದು ತೂಬು, ಹೆಚ್ಚಾದುದನ್ನು ಹೊರಹಾಕುವುದು ಕೋಡಿ, ಉಣ್ಣುವ ನೆಲ ಅಚ್ಚುಕಟ್ಟು. ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವವನು ನೀರುಗಂಟಿ. ಅವನ ದುಡಿಮೆಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊಲ ಸೇರಿ ಗೊಬ್ಬರವಾಗುತ್ತಿತ್ತು. ಕೆರೆ ತುಂಬಿದಾಗ ಊರವರು ಗಂಗೆಪೂಜೆ ಮಾಡಿ ಬಾಗಿನ ಅರ್ಪಿಸುವುದು ಬಯಲುಸೀಮೆಯ ರೂಢಿ.

ಗಾಲ್ಫ್‌ನ ಮೂಲನೆಲ

ಬೆಂಗಳೂರಿಗೆ ಗಾಲ್ಫ್ ಬಂದುದು ಬ್ರಿಟಿಷ್ ದಂಡುಪ್ರದೇಶದ ಮೂಲಕ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಹೈಗ್ರೌಂಡ್ಸ್‌ನಲ್ಲಿದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಚಲ್ಲಘಟ್ಟದ ಕೆರೆಯಂಗಳ ಕರ್ನಾಟಕ ಗಾಲ್ಫ್ ಸಂಸ್ಥೆಯ 18 ಕುಳಿಗಳ ಮೈದಾನವಾಯಿತು. ಅನಂತರ ಅದರ ಮಗ್ಗುಲಲ್ಲಿ ತಲೆಯೆತ್ತಿದ ಮಾಹಿತಿ ತಂತ್ರಜ್ಞಾನ ಉದ್ಯಾನವು 'ಗಾಲ್ಫ್ ಲಿಂಕ್ಸ್' ಎಂಬ ಹೆಸರನ್ನು ಧರಿಸಿತು.

ಈ 'ಲಿಂಕ್ಸ್' ಎಂಬ ಪದದ ಹಿನ್ನೆಲೆ ಗಮನಾರ್ಹವಾದುದು. ಸ್ಕಾಟ್ಲೆಂಡಿನಲ್ಲಿ ಅದು ಕಡಲಂಚಿನ, ಉಳುಮೆಗೆ ಬಾರದ ಮರಳುಮಿಶ್ರಿತ ಹುಲ್ಲುನೆಲದ ಹೆಸರು. ಸೇಂಟ್ ಆಂಡ್ರೂಸ್ ಪಟ್ಟಣದ ಲಿಂಕ್ಸ್ ಸಾಮುದಾಯಿಕ ನೆಲವಾಗಿತ್ತು. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ನಿಗೆ ಮೊಲ ಸಾಕಲು ಅನುಮತಿ ದೊರೆತಾಗಲೂ, ಅಲ್ಲಿ ಹುಲ್ಲುಹೆಂಟೆ ಕೀಳುವ, ಗಾಲ್ಫ್ ಮತ್ತು ಕಾಲ್ಚೆಂಡು ಆಡುವ ಪಟ್ಟಣಿಗರ ಹಕ್ಕನ್ನು ಪತ್ರದಲ್ಲಿ ದಾಖಲಿಸಿ ಕಾಯ್ದುಕೊಳ್ಳಲಾಯಿತು. ಅಂದರೆ ಗಾಲ್ಫ್ ಬೆಳೆದುದು ನಮ್ಮ ಗೋಮಾಳಕ್ಕೆ ಸಮಾನವಾದ ನೆಲದಲ್ಲಿ. ಊರವರೆಲ್ಲರ ಹಕ್ಕಿನ ನೆಲದಲ್ಲಿ ಬೆಳೆದ ಆಟವು ಚಲ್ಲಘಟ್ಟದಲ್ಲಿ ಸದಸ್ಯತ್ವದ ಆವರಣವಾಯಿತು. ಆಟ ಬಂದಿತು, ಪದವೂ ಬಂದಿತು. ಆ ಪದದೊಳಗಿದ್ದ ಸಾಮುದಾಯಿಕ ಹಕ್ಕು ಬರಲಿಲ್ಲ.

ಉಳಿದುದು ಮತ್ತು ಅಳಿದುದು

ಕೆರೆಗಳು ಆಟದ ನೆಲೆಗಳಾದುದು ಬೆಂಗಳೂರಿನಲ್ಲಿ ಇದೊಂದೇ ಅಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯ ನೆಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ಗ್ರಾಮ ಎದ್ದಿತು. ಇವುಗಳಲ್ಲಿ ಸಂಪಂಗಿ ಕೆರೆಯ ಸ್ಥಿತಿ ಭಿನ್ನ. ಬೆಂಗಳೂರು ಕರಗದ ವಿಧಿಗಳಿಗೆ ಅದರ ನೀರು ಅವಶ್ಯವಾಗಿದ್ದುದರಿಂದ ಚಿಕ್ಕ ಕೊಳವೊಂದಾದರೂ ಉಳಿದುಕೊಂಡಿತು. ಆಚರಣೆಯು ಜೀವಂತವಾಗಿದ್ದು, ಅದನ್ನು ನಡೆಸುವ ಸಮುದಾಯವು ಸಂಘಟಿತವಾಗಿದ್ದಲ್ಲಿ ನೆಲದ ಮೇಲಿನ ಹಕ್ಕು ಅಷ್ಟಿಷ್ಟಾದರೂ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಚಲ್ಲಘಟ್ಟದ ಕೆರೆಗೆ ಅಂತಹ ಆಸರೆ ಒದಗಲಿಲ್ಲ.

ಆದರೆ ನೀರು ತನ್ನ ಜಾಡನ್ನು ಬಿಡುವುದಿಲ್ಲ. ಮಧ್ಯದ ಕೆರೆಗಳಲ್ಲಿ ತಂಗಿ ತಿಳಿಯಾಗುತ್ತಿದ್ದ ನೀರು ತಂಗುದಾಣ ತಪ್ಪಿ, ನಗರದ ಕೊಳಚೆಯೊಂದಿಗೆ ನೇರವಾಗಿ ಬೆಳ್ಳಂದೂರಿಗೆ ಇಳಿಯಿತು. 2015, 2017 ಮತ್ತು 2018ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದು ಲೋಕಕ್ಕೆಲ್ಲ ಸುದ್ದಿಯಾಯಿತು. 2018ರ ಜೂನ್‌ನಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಸಂಸ್ಕರಿಸಿದ ನೀರು ಪಂಪುಗಳ ಮೂಲಕ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವುದು ಈ ಯೋಜನೆಯ ಗುರಿ.

ಕೆರೆ ಕಟ್ಟಿದುದಕ್ಕೆ ಜನಪದದಲ್ಲಿ ಕಥನಗೀತೆಯಿದೆ, ತುಂಬಿದುದಕ್ಕೆ ಪೂಜೆಯಿದೆ. ಅಳಿದ ಕೆರೆಗೆ ಉಳಿಯುವುದು ಬಹುಮಟ್ಟಿಗೆ ಹೆಸರೊಂದೇ. ಕೋಲಾರದ ರೈತರು 'ಕೆ.ಸಿ. ವ್ಯಾಲಿ ನೀರು' ಎನ್ನುವಾಗ, ಆ 'ಸಿ' ಅಕ್ಷರದೊಳಗೆ ಚಲ್ಲಘಟ್ಟವಿದೆ. ಅಳಿದ ಕೆರೆಯ ಹೆಸರು ಬೇರೆ ಜಿಲ್ಲೆಯ ಕೆರೆಗಳನ್ನು ತುಂಬಿಸುವ ನೀರಿಗೆ ಅಂಟಿಕೊಂಡಿದೆ. ಏರಿ, ತೂಬು, ಕೋಡಿ, ನೀರುಗಂಟಿ ಎಂಬ ಪದಗಳನ್ನು ಬಳಸಿ ಬಲ್ಲ ಹಿರಿಯರು ಈ ಪ್ರದೇಶದ ಗ್ರಾಮಗಳಲ್ಲಿ ಇರುವಾಗಲೇ ಅವರ ನೆನಪುಗಳನ್ನು ಸ್ಥಳನಾಮಗಳೊಂದಿಗೆ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.